ಹಳೆಯ ಸ್ಪಿಟ್‌ಫೈರ್ ಕಿಟ್‌ಗೆ ಹೊಸ ಕಾಕ್‌ಪಿಟ್: ಮೊದಲು ಗೋಡೆ ಕೆರೆಯಿರಿ

ಪ್ರಶ್ನೆ: ನಮ್ಮ ಸೋದರಮಾವನ ಮನೆಯ ಅಟ್ಟದಲ್ಲಿ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 9ರ 1/72 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್ ಸಿಕ್ಕಿತು. ತುಂಬ ಹಳೆಯದು, ಆದರೆ ಭಾಗಗಳೆಲ್ಲ ಇವೆ. ಕಾಕ್‌ಪಿಟ್ ಅಂತ ಇರುವುದು ಒಂದು ದಪ್ಪ ಸೀಟು, ಒಬ್ಬ ಪೈಲಟ್ ಗೊಂಬೆ, ಅಷ್ಟೇ. ಕ್ಯಾನಪಿ (ಪೈಲಟ್‌ನ ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ತೆರೆದಿಟ್ಟು ಒಳಗೆಲ್ಲ ಕಾಣುವ ಹಾಗೆ ಮಾಡಬೇಕೆಂದು ಆಸೆ. ಹೊರದೇಶದಿಂದ ರೆಸಿನ್ ಕಾಕ್‌ಪಿಟ್ ತರಿಸುವುದೋ, ಕೈಯಲ್ಲೇ ಮಾಡುವುದೋ? ಸಾಮಾನು ನಮ್ಮ ಕಡೆ ಸಿಗುತ್ತದೆಯೇ? ಮಳೆಗಾಲದಲ್ಲಿ ಕೈ ಹಾಕಬಹುದೇ? ಜನರಲ್ ತಿಮ್ಮಯ್ಯನವರು ಕಾಶ್ಮೀರದಲ್ಲಿದ್ದ ಕಾಲದ ಭಾರತೀಯ ಗುರುತುಗಳನ್ನು ಹಾಕಿದರೆ ಸರಿಯಾಗುತ್ತದೆಯೇ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಕೈಯಲ್ಲೇ ಮಾಡಿ. ದುಡ್ಡು ಉಳಿಯುತ್ತದೆ ಎನ್ನುವುದಕ್ಕಿಂತ ದೊಡ್ಡ ಕಾರಣವೊಂದಿದೆ. ಈಗ ಮಾರಾಟಕ್ಕಿರುವ ರೆಸಿನ್ ಕಾಕ್‌ಪಿಟ್‌ಗಳನ್ನು ಇತ್ತೀಚಿನ ತೆಳು ಗೋಡೆಯ ಕಿಟ್‌ಗಳ ಅಳತೆಗೆ ಎರಕ ಹೊಯ್ದಿರುತ್ತಾರೆ. ಹಳೆಯ ಕಿಟ್‌ನ ಗೋಡೆ ದಪ್ಪ. ಅದರೊಳಗೆ ರೆಸಿನ್ ತುಂಡು ಕೂರಿಸಿದರೆ ವಿಮಾನದ ಎರಡು ಹೋಳು ಮುಚ್ಚುವುದೇ ಇಲ್ಲ. ಕೊನೆಗೆ ರೆಸಿನನ್ನೂ ತೇಯಬೇಕು, ಗೋಡೆಯನ್ನೂ ಕೆರೆಯಬೇಕು. ಕೆರೆಯುವುದು ತಪ್ಪದು ಎಂದಮೇಲೆ ಒಳಗಿನದನ್ನೂ ನೀವೇ ಮಾಡಿಕೊಳ್ಳುವುದು ಮೇಲು.

1/72ರಲ್ಲಿ ಕಾಕ್‌ಪಿಟ್ ಕೆಡುವುದು ಸಣ್ಣ ಭಾಗಗಳು ಕಡಿಮೆಯಾಗಿ ಅಲ್ಲ, ಅಂಚುಗಳು ದಪ್ಪವಾಗಿ. ನೀವೇ ಲೆಕ್ಕ ಹಾಕಿ. ಕಿಟ್‌ನ ಗೋಡೆ 1.2 ಮಿ.ಮೀ. ಇದ್ದರೆ ನಿಜ ವಿಮಾನದಲ್ಲಿ ಅದು 86 ಮಿ.ಮೀ. ದಪ್ಪದ ಗೋಡೆ. ಎರಡೂ ಬದಿ ಸೇರಿಸಿದರೆ ಪೈಲಟ್ ಕೂರುವ ಜಾಗದಿಂದ 17 ಸೆಂ.ಮೀ. ಹೋಯಿತು. ಸ್ಪಿಟ್‌ಫೈರ್ ಮೊದಲೇ ಭುಜಕ್ಕೆ ಒತ್ತುವಷ್ಟು ಇಕ್ಕಟ್ಟಿನ ವಿಮಾನ. ಇಷ್ಟು ಜಾಗ ಕಳೆದುಕೊಂಡ ಮೇಲೆ ಸರಿಯಾದ ಅಳತೆಯ ಸೀಟು ಅದರೊಳಗೆ ಹಿಡಿಸದು. ಸೀಟನ್ನು ಕಿರಿದು ಮಾಡುತ್ತೀರಿ, ಅದಕ್ಕೆ ತಕ್ಕಂತೆ ಮುಂದಿನ ಮಾಪಕಗಳ ಫಲಕವನ್ನೂ ಕಿರಿದು ಮಾಡುತ್ತೀರಿ, ಕೊನೆಗೆ ಎಲ್ಲವೂ ಗೊಂಬೆಮನೆಯ ಹಾಗೆ ಕಾಣುತ್ತದೆ. ಅದಕ್ಕೇ ಈ ಉತ್ತರದಲ್ಲಿ ಗೋಡೆಯ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸಾಮಾನು

ಕೊಳ್ಳಲೇಬೇಕಾದದ್ದು ಸ್ವಲ್ಪ: 0.25 ಮತ್ತು 0.5 ಮಿ.ಮೀ. ದಪ್ಪದ ಪಾಲಿಸ್ಟೈರೀನ್ ಹಾಳೆ ಒಂದೊಂದು, ಕುಂಚದ ಮುಚ್ಚಳವಿರುವ ತೆಳು ಸಿಮೆಂಟ್, ಅಂದರೆ ಪ್ಲಾಸ್ಟಿಕ್ಕನ್ನು ಕರಗಿಸಿ ಕೂಡಿಸುವ ಅಂಟು (ತಾಮಿಯಾದ ಹಸಿರು ಮುಚ್ಚಳದ್ದು ಸಾಕು), ಪಿನ್ ವೈಸ್ (ಬೆರಳಲ್ಲಿ ತಿರುಗಿಸುವ ಪುಟ್ಟ ಡ್ರಿಲ್ ಹಿಡಿ), 0.4ರಿಂದ 1.2 ಮಿ.ಮೀ.ವರೆಗಿನ ಡ್ರಿಲ್ ಕಡ್ಡಿಗಳು, ಚೂಪು ಮೂತಿಯ ಚಾಕುವಿನ ಬ್ಲೇಡುಗಳು, ಮಾಡೆಲ್‌ಗೆಂದೇ ಇರುವ ತೆಳು ಗರಗಸ. ಇವು ಬೆಂಗಳೂರಿನ ಹವ್ಯಾಸದ ಅಂಗಡಿಗಳಿಂದ ಅಂಚೆಯಲ್ಲಿ ಬರುತ್ತವೆ.

ಮಿಕ್ಕಿದ್ದು ಊರಲ್ಲೇ ಇದೆ. ಕೆಟ್ಟುಹೋದ ಫೋನ್ ಚಾರ್ಜರ್ ವೈರನ್ನು ಸೀಳಿದರೆ ಸುಮಾರು 0.1 ಮಿ.ಮೀ.ನ ತಾಮ್ರದ ಎಳೆಗಳು ಬೇಕಾದಷ್ಟು ಸಿಗುತ್ತವೆ. ಮಾತ್ರೆ ಪಟ್ಟಿಯ ಬೆನ್ನಿನ ಅಲ್ಯೂಮಿನಿಯಂ ಹಾಳೆ ಬೆಲ್ಟ್‌ಗೆ ಬರುತ್ತದೆ. ಔಷಧಿ ಅಂಗಡಿಯ ಇಂಜೆಕ್ಷನ್ ಸೂಜಿಗಳು ಒಂದೇ ಅಳತೆಯ ಉಕ್ಕಿನ ಕೊಳವೆಗಳು. ಗುಲಾಬಿ ಬುಡದ್ದು (18ಜಿ) ಹೊರಗೆ 1.2 ಮಿ.ಮೀ. ಆಸುಪಾಸು, ಹಳದಿ (20ಜಿ) 0.9, ಹಸಿರು (21ಜಿ) 0.8, ನೀಲಿ (23ಜಿ) 0.6, ಕಂದು (26ಜಿ) 0.45. ಹೊಸ ಸೂಜಿಯನ್ನೇ ಕೊಳ್ಳಿ, ಬಳಸಿದ್ದನ್ನು ಮುಟ್ಟಬೇಡಿ. ಹಾರ್ಡ್‌ವೇರ್ ಅಂಗಡಿಯಿಂದ ಎಂ-ಸೀಲ್ ಒಂದು ಪೊಟ್ಟಣ, 220, 400 ಮತ್ತು 1000ದ ಉಪ್ಪುಕಾಗದ ತನ್ನಿ. ಬೇಕರಿಯ ಕೇಕ್ ಡಬ್ಬಿಯ ಪಾರದರ್ಶಕ ಮುಚ್ಚಳವನ್ನು ಎಸೆಯಬೇಡಿ, ಕ್ಯಾನಪಿಗೆ ಬೇಕಾಗುತ್ತದೆ.

ಪ್ಲಾಸ್ಟಿಕ್ ಹಾಳೆ ಬರುವವರೆಗೆ ಕಾಯಲಾರಿರಾದರೆ ಮನೆಯ ಪ್ಲಾಸ್ಟಿಕ್ ಡಬ್ಬಿ, ಲೋಟಗಳ ತಳದಲ್ಲಿರುವ ತ್ರಿಕೋನದೊಳಗಿನ ಅಂಕಿ ನೋಡಿ. 6 ಇದ್ದರೆ ಪಾಲಿಸ್ಟೈರೀನ್, ಸಿಮೆಂಟ್ ಹಿಡಿಯುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್, ಏನು ಮಾಡಿದರೂ ಹಿಡಿಯದು. ಬ್ಯಾನರ್ ಅಂಗಡಿಯ ಸನ್‌ಬೋರ್ಡ್ ಈ ಕೆಲಸಕ್ಕೆ ಬೇಡ. ಅದರ ಒಳಗೆಲ್ಲ ಗುಳ್ಳೆ, ಸಣ್ಣ ಅಳತೆಯಲ್ಲಿ ಅಂಚು ನಿಲ್ಲುವುದಿಲ್ಲ.

ಕಡ್ಡಿಗಳಿಗೆ ಕಿಟ್‌ನ ಸ್ಪ್ರೂವನ್ನೇ ಎಳೆದುಕೊಳ್ಳಿ. ಎಲ್ಲ ಭಾಗಗಳನ್ನು ಹಿಡಿದಿರುವ ಚೌಕಟ್ಟಿನ ಕಡ್ಡಿಯೇ ಸ್ಪ್ರೂ. ಮೇಣದಬತ್ತಿಯ ಜ್ವಾಲೆಗಿಂತ ಎರಡು ಮೂರು ಸೆಂ.ಮೀ. ಮೇಲೆ ಹಿಡಿದು ನಿಧಾನ ತಿರುಗಿಸಿ. ನಡುವೆ ಮೆತ್ತಗಾಗಿ ತಾನಾಗಿ ಜೋತಾಗ ಜ್ವಾಲೆಯಿಂದ ಹೊರಗೆ ತಂದು ಎಳೆಯಿರಿ. ನಿಧಾನ ಎಳೆದರೆ ದಪ್ಪ ಕಡ್ಡಿ, ಬೇಗ ಎಳೆದರೆ ಕೂದಲಷ್ಟು ತೆಳು. ಜ್ವಾಲೆಯಲ್ಲಿರುವಾಗಲೇ ಎಳೆದರೆ ನಡುವೆ ತುಂಡಾಗುತ್ತದೆ. ಹೊಗೆ ಬಂದರೆ ಅತಿಯಾಗಿ ಕಾಯಿಸಿದ್ದೀರಿ.

ಗೋಡೆ

ಬಾಗಿಲಿನಿಂದ ಶುರು ಮಾಡಿ. ಸ್ಪಿಟ್‌ಫೈರ್‌ಗೆ ಎಡಬದಿಯಲ್ಲಿ, ಕೆಳಕ್ಕೆ ಮಡಚುವ ಒಂದೇ ಸಣ್ಣ ಬಾಗಿಲು. ಕ್ಯಾನಪಿ ತೆರೆದಿಡುವುದಾದರೆ ಬಾಗಿಲನ್ನೂ ತೆರೆದಿಡಿ. ಬೆಳಕು ಒಳಗೆ ಹೋಗುವ ದಾರಿ ಅದೇ, ಅದಿಲ್ಲದೆ ಎದುರಿನ ಬಲಗೋಡೆ ಕಾಣುವುದಿಲ್ಲ. ಕಿಟ್‌ನಲ್ಲಿ ಬಾಗಿಲಿನ ಗೆರೆ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ನಕ್ಷೆ ನೋಡಿ ಪೆನ್ಸಿಲ್ ಗುರುತು ಮಾಡಿಕೊಂಡು, ಬ್ಲೇಡಿನ ಬೆನ್ನಿನಿಂದ ಮತ್ತೆ ಮತ್ತೆ ಗೀರಿ. ಬ್ಲೇಡಿನ ಬಾಯಿಂದ ಕೊಯ್ದರೆ ಪ್ಲಾಸ್ಟಿಕ್ ಎರಡು ಬದಿಗೂ ಉಬ್ಬುತ್ತದೆ. ಬೆನ್ನಿನಿಂದ ಗೀರಿದರೆ ಎಳೆ ಎಳೆಯಾಗಿ ಎದ್ದು ಬರುತ್ತದೆ. ಕತ್ತರಿಸಿದ ತುಂಡನ್ನು ಮತ್ತೆ ಬಾಗಿಲಾಗಿ ಬಳಸಬೇಡಿ, ಅದೂ ದಪ್ಪವೇ. ಅದನ್ನು ಅಚ್ಚಾಗಿ ಇಟ್ಟುಕೊಂಡು 0.25 ಮಿ.ಮೀ. ಹಾಳೆಯಲ್ಲಿ ಹೊಸದು ಮಾಡಿ, ಪೆನ್ಸಿಲ್ ಮೇಲೆ ಉರುಳಿಸಿ ಸ್ವಲ್ಪ ಬಾಗು ಕೊಡಿ.

ಬಾಗಿಲು ಕತ್ತರಿಸಿ ಆದಮೇಲೆ ಗೋಡೆ ಕೆರೆಯುವುದು. ಈ ಕ್ರಮ ತಿರುಗಿಸಬೇಡಿ. ಕೆರೆದು ತೆಳುವಾದ ಗೋಡೆಯಲ್ಲಿ ಬಾಗಿಲು ಕತ್ತರಿಸಲು ಹೋದರೆ ಮೂಲೆಯಿಂದ ಸೀಳು ಬಿಡುತ್ತದೆ. ಹಳೆಯ ಪ್ಲಾಸ್ಟಿಕ್ ಇನ್ನೂ ಬಿರುಸು.

ಚಾಕುವಿನ ಬ್ಲೇಡನ್ನು ಗೋಡೆಗೆ ನೇರ ನಿಲ್ಲಿಸಿ, ಕೊಯ್ಯುವ ಹಾಗಲ್ಲ, ತೆಂಗಿನಕಾಯಿ ತುರಿಯುವ ಹಾಗೆ ಒಂದೇ ದಿಕ್ಕಿಗೆ ಎಳೆಯಿರಿ. ಸಣ್ಣ ಸುರುಳಿಗಳು ಬರಬೇಕು. ಪುಡಿ ಬಂದರೆ ಬ್ಲೇಡ್ ಮೊಂಡಾಗಿದೆ, ಬದಲಿಸಿ. ಕಾಕ್‌ಪಿಟ್ ಬಾಯಿಯ ಅಂಚಿನಿಂದ ಕೆಳಕ್ಕೆ 8 ಮಿ.ಮೀ.ವರೆಗೆ ಕೆರೆದರೆ ಸಾಕು. ಮುಂದೆ ಫಲಕ ಕೂರುವ ಜಾಗದಿಂದ 3 ಮಿ.ಮೀ. ಆಚೆಗೆ, ಹಿಂದೆ ಸೀಟಿನ ಚೌಕಟ್ಟಿನಿಂದ 3 ಮಿ.ಮೀ. ಆಚೆಗೆ. ರೆಕ್ಕೆ ಅಂಟುವ ಬುಡವನ್ನು ಮುಟ್ಟಬೇಡಿ, ಅಲ್ಲಿ ಬಲ ಬೇಕು.

ಎಷ್ಟು ತೆಳುವಾಯಿತು ಎಂದು ಅಳೆಯಲು ಉಪಕರಣ ಬೇಡ. ಹೋಳನ್ನು ಬಲ್ಬಿನ ಮುಂದೆ ಹಿಡಿಯಿರಿ. ತೆಳುವಾದಲ್ಲಿ ಬೆಳಕು ಹೆಚ್ಚು ಹಾಯುತ್ತದೆ, ದಪ್ಪ ಉಳಿದಲ್ಲಿ ಮೋಡ ಕಟ್ಟಿದಂತೆ ಕಪ್ಪು. ಕಪ್ಪಿರುವಲ್ಲಿ ಮಾತ್ರ ಮತ್ತೆ ಕೆರೆಯುತ್ತ ಎಲ್ಲ ಕಡೆ ಒಂದೇ ಹೊಳಪು ಬರುವಂತೆ ಮಾಡಿ. ಗಾಢ ಬಣ್ಣದ ಪ್ಲಾಸ್ಟಿಕ್ ಆದರೆ ಟಾರ್ಚ್ ಹಚ್ಚಿ ನೋಡಿ. ಗುರಿ 0.5 ಮಿ.ಮೀ. ಬಾಯಿಯ ಅಂಚೊಂದನ್ನು ಮಾತ್ರ 220ರ ಉಪ್ಪುಕಾಗದದಿಂದ ಒಳಗಿನಿಂದ ಇಳಿಜಾರಾಗಿ ತೇಯ್ದು 0.25ಕ್ಕೆ ತನ್ನಿ. ನೋಡುವವರ ಕಣ್ಣು ಬೀಳುವುದು ಆ ಅಂಚಿನ ಮೇಲೆ.

ಇಲ್ಲಿ ಕೆಡುವುದು ಎರಡು ರೀತಿ. ಒಂದು, ಅವಸರದಲ್ಲಿ ಒಂದೇ ಜಾಗ ಕೆರೆದು ತೂತಾಗುವುದು. ತೂತಾದರೆ ಹೊರಗಿನಿಂದ ಪುಟ್ಟಿ ಹಾಕಬೇಡಿ, ಒಳಗಿನಿಂದ 0.25ರ ತುಂಡು ಅಂಟಿಸಿ, ಒಣಗಿದ ಮೇಲೆ ಹೊರಗೆ ತೇಯಿರಿ. ಇನ್ನೊಂದು ಮೋಸದ್ದು, ಆಗ ಕಾಣದೆ ಎರಡು ದಿನ ಬಿಟ್ಟು ಕಾಣುವಂಥದ್ದು. ತೆಳು ಗೋಡೆಯ ಒಳಗೆ ಪಕ್ಕೆಲುಬುಗಳನ್ನು (ವಿಮಾನದ ಮೈಗೆ ಬಲ ಕೊಡುವ ಪಟ್ಟಿಗಳು) ಅಂಟಿಸುವಾಗ ಸಿಮೆಂಟ್ ಹೆಚ್ಚಾದರೆ ದ್ರಾವಕ ಗೋಡೆಯೊಳಗೆ ಇಳಿದು, ಆರುವಾಗ ಪ್ಲಾಸ್ಟಿಕ್ ಕುಗ್ಗಿ, ಹೊರಮೈಯಲ್ಲಿ ಹಸಿದ ದನದ ಮೈ ಹಾಗೆ ಗೆರೆಗಳು ಎದ್ದು ಕಾಣುತ್ತವೆ. ಕುಂಚವನ್ನು ಬಾಟಲಿಯ ಬಾಯಿಗೆ ಒರೆಸಿ, ಬರೀ ತುದಿಯನ್ನು ಕೂಡುಗೆರೆಗೆ ತಾಗಿಸಿ. ದ್ರಾವಕ ತಾನೇ ಹರಿದು ಹೋಗುತ್ತದೆ. ಒಂದು ಬದಿಯ ಅರ್ಧ ಪಕ್ಕೆಲುಬುಗಳನ್ನು ಅಂಟಿಸಿ, ಒಂದು ರಾತ್ರಿ ಬಿಟ್ಟು, ಮಿಕ್ಕ ಅರ್ಧ ಅಂಟಿಸಿ.

ಪಕ್ಕೆಲುಬುಗಳಿಗೆ 0.25ರ ಹಾಳೆಯಿಂದ 0.4 ಮಿ.ಮೀ. ಅಗಲದ ಪಟ್ಟಿ. ಉದ್ದುದ್ದದ ಸಣ್ಣ ದಂಡಗಳಿಗೆ ಎಳೆದ ಸ್ಪ್ರೂ. ಎಷ್ಟು, ಎಲ್ಲಿ ಎನ್ನುವುದಕ್ಕೆ ನಿಜ ವಿಮಾನದ ಫೋಟೊ ನೋಡಿ. ನೂರಾರು ಸಿಗುತ್ತವೆ, ಆದರೆ ಈಗಲೂ ಹಾರುತ್ತಿರುವ ಸ್ಪಿಟ್‌ಫೈರ್‌ಗಳ ಫೋಟೊಗಳಲ್ಲಿ ಹೊಸ ರೇಡಿಯೊ, ಹೊಸ ಬೆಲ್ಟ್ ಇರುತ್ತವೆ ಎನ್ನುವುದು ನೆನಪಿರಲಿ. ಬಾಗಿಲಿನ ಒಳಗೆ ಕೆಂಪು ಬಣ್ಣದ ಸಬ್ಬಲು ಕಂಡರೆ ಅದು ಯುದ್ಧಾನಂತರದ ಕೆಂಪು.

ನೆಲ ಮಾಡಬೇಡಿ

ಕಿಟ್ ಕಟ್ಟುವವರಲ್ಲಿ ಹೆಚ್ಚಿನವರು ಮೊದಲು ಒಂದು ನೆಲ ಕತ್ತರಿಸಿ ಅದರ ಮೇಲೆ ಸೀಟು ಅಂಟಿಸುತ್ತಾರೆ. ಸ್ಪಿಟ್‌ಫೈರ್ ಕಾಕ್‌ಪಿಟ್‌ಗೆ ನೆಲವೇ ಇಲ್ಲ. ಪೈಲಟ್‌ನ ಹಿಮ್ಮಡಿ ಜಾರಲು ಉದ್ದಕ್ಕೆ ಎರಡು ಪಟ್ಟಿಗಳಿವೆ, ಅವು ರಡರ್ (ಬಾಲದ ಚುಕ್ಕಾಣಿ) ಪೆಡಲ್‌ವರೆಗೆ ಹೋಗುತ್ತವೆ. ಅವುಗಳ ನಡುವೆ, ಆಚೀಚೆ ಎಲ್ಲ ಕೆಳಗಿನ ತನಕ ಟೊಳ್ಳು. ಸೀಟು ನಿಂತಿರುವುದು ನೆಲದ ಮೇಲಲ್ಲ, ಹಿಂದಿನ ಚೌಕಟ್ಟಿಗೆ ತೂಗುಹಾಕಿದೆ. ಇದೊಂದನ್ನು ಸರಿ ಮಾಡಿದರೆ ನಿಮ್ಮ ಕಾಕ್‌ಪಿಟ್‌ಗೆ ಆಳ ಬರುತ್ತದೆ. ಕೆಳಗೆ ಕಪ್ಪಾಗಿ ಕತ್ತಲು ಕಾಣಬೇಕು.

ಹಿಂದಿನ ಚೌಕಟ್ಟಿಗೆ ಕಾಗದದಲ್ಲಿ ಅಚ್ಚು ಮಾಡಿಕೊಳ್ಳಿ. ಎರಡು ಹೋಳುಗಳನ್ನು ಟೇಪಿನಲ್ಲಿ ಜೋಡಿಸಿ, ಕಾಗದದ ತುಂಡನ್ನು ಒಳಗಿಟ್ಟು, ತಾಗಿದಲ್ಲೆಲ್ಲ ಕತ್ತರಿಸುತ್ತ ಹೋದರೆ ಮೂರು ನಾಲ್ಕು ಸಲಕ್ಕೆ ಆಕಾರ ಬರುತ್ತದೆ. ಅದನ್ನು 0.5ರ ಹಾಳೆಗೆ ಇಳಿಸಿ. ತೂಕ ಇಳಿಸಲು ಕೊರೆದ ಗುಂಡು ರಂಧ್ರಗಳು ಆ ಚೌಕಟ್ಟಿನಲ್ಲಿವೆ. ಕತ್ತರಿಸುವ ಮೊದಲೇ ರಂಧ್ರ ಕೊರೆಯಿರಿ. ಕತ್ತರಿಸಿದ ಸಣ್ಣ ತುಂಡಿನಲ್ಲಿ ಕೊರೆದರೆ ಅಂಚು ಒಡೆಯುತ್ತದೆ. ಸೀಟಿನ ಬೆನ್ನಿಗೂ ತಲೆಗೂ ಗುಂಡುನಿರೋಧಕ ತಗಡು 0.25ರಲ್ಲಿ.

ಸೀಟು

ನಿಜವಾದ ಸೀಟು ಸುಮಾರು 40 ಸೆಂ.ಮೀ. ಅಗಲ. 72ರಿಂದ ಭಾಗಿಸಿದರೆ 5.5 ಮಿ.ಮೀ. ಬೆನ್ನು, ಎರಡು ಬದಿ, ತಳ ಎಲ್ಲ 0.25ರಲ್ಲಿ. ಪೈಲಟ್ ಪ್ಯಾರಾಚೂಟ್ ಮೇಲೆ ಕೂರುತ್ತಿದ್ದುದರಿಂದ ತಳ ಬಕೆಟ್ಟಿನಂತೆ ಆಳ. ಪ್ಯಾರಾಚೂಟ್ ಇಲ್ಲದ ಖಾಲಿ ಸೀಟು ತೋರಿಸುವಾಗ ಆ ಆಳ ಕಾಣಲೇಬೇಕು. ಮೊದಲು ಬೆನ್ನು ಮತ್ತು ತಳವನ್ನು ಕೋನ ನೋಡಿ ಕೂಡಿಸಿ, ಪೂರ್ತಿ ಗಟ್ಟಿಯಾದ ಮೇಲೆ ಬದಿಗಳನ್ನು ಅಗತ್ಯಕ್ಕಿಂತ ದೊಡ್ಡದಾಗಿ ಅಂಟಿಸಿ, ಒಣಗಿದ ಮೇಲೆ ಆಕಾರಕ್ಕೆ ಕತ್ತರಿಸಿ. ಸರಿಯಾದ ಆಕಾರಕ್ಕೆ ಮೊದಲೇ ಕತ್ತರಿಸಿ ಅಂಟಿಸಲು ಹೋದರೆ ಎಡ ಬಲ ಒಂದಕ್ಕೊಂದು ತಾಳೆಯಾಗದು. ಬಲಬದಿಗೆ ಸೀಟು ಎತ್ತರಿಸುವ ಸನ್ನೆಯೊಂದಿದೆ, ಎಳೆದ ಸ್ಪ್ರೂವಿನ ಒಂದು ತುಂಡು ಸಾಕು.

ಬಣ್ಣದಲ್ಲಿ ಒಂದು ವಿಶೇಷ. ಸ್ಪಿಟ್‌ಫೈರ್ ಸೀಟುಗಳಲ್ಲಿ ಬಹಳಷ್ಟು ಲೋಹದವಲ್ಲ. ರಾಳ ಕುಡಿಸಿ ಒತ್ತಿ ಮಾಡಿದವು, ಬಣ್ಣ ಕೆಂಪುಕಂದು. ಬೂದುಹಸಿರು ಕಾಕ್‌ಪಿಟ್ ನಡುವೆ ಈ ಕೆಂಪುಕಂದು ಸೀಟು, ಅದರ ಬೆನ್ನಿಗೆ ಕಪ್ಪು ಚರ್ಮದ ದಿಂಬು, ಮೇಲೆ ಮಾಸಲು ಬಿಳಿಯ ಬೆಲ್ಟ್. ದೂರದಿಂದ ನೋಡುವವರಿಗೂ ಇಷ್ಟು ಕಾಣುತ್ತದೆ.

ಬೆಲ್ಟಿನ ಪಟ್ಟಿ 5 ಸೆಂ.ಮೀ. ಅಗಲ ಎಂದುಕೊಂಡರೆ 0.7 ಮಿ.ಮೀ. ಮಾಸ್ಕಿಂಗ್ ಟೇಪಿನಲ್ಲೂ ಮಾಡಬಹುದು, ಆದರೆ ಕೊಡಗಿನ ತೇವದಲ್ಲಿ ಟೇಪಿನ ಅಂಟು ಬಿಟ್ಟು ತುದಿಗಳು ಮೇಲೇಳುತ್ತವೆ. ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆ ಉತ್ತಮ. ಬಾಗಿಸಿದ ಕಡೆ ಬಾಗಿ ನಿಲ್ಲುತ್ತದೆ, ಸೀಟಿನ ಅಂಚಿನಿಂದ ಜೋತುಬಿದ್ದಂತೆ ಮಾಡಬಹುದು. ಮುದ್ರಿಸಿದ ಬದಿಯನ್ನು ಕೆಳಗೆ ಮಾಡಿ, ಹೊಸ ಬ್ಲೇಡಿನಿಂದ ಗಾಜಿನ ಮೇಲಿಟ್ಟು ಕತ್ತರಿಸಿ. ಬಕಲ್‌ಗೆ ತಾಮ್ರದ ಎಳೆಯನ್ನು ಪುಟ್ಟ ಚೌಕವಾಗಿ ಬಾಗಿಸಿ ಚಮಚದ ಬೆನ್ನಿನಿಂದ ಒತ್ತಿ ಚಪ್ಪಟೆ ಮಾಡಿ. ಬಣ್ಣ ಹಚ್ಚುವುದೆಲ್ಲ ಸೀಟಿಗೆ ಅಂಟಿಸಿದ ಮೇಲೆ. ಮೊದಲೇ ಹಚ್ಚಿದರೆ ಬಾಗಿಸುವಾಗ ಸಿಪ್ಪೆ ಏಳುತ್ತದೆ.

ಫಲಕ

ಎಲ್ಲರೂ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ನಿಜ ಹೇಳಬೇಕೆಂದರೆ ಅಷ್ಟು ಬೇಕಿಲ್ಲ. ಮುಂದಿನ ಗಾಜಿನ ನೆರಳು ಫಲಕದ ಮೇಲೆ ಬೀಳುತ್ತದೆ. ಕಾಣುವುದು ಮೇಲಿನ ಅರ್ಧ.

ಆದರೂ ನಡುವಿನ ಆರು ಗಡಿಯಾರಗಳನ್ನು (ಗುಂಡು ಮುಖದ ಮಾಪಕಗಳು) ಸರಿಯಾಗಿ ಕೂರಿಸಿ. ಆಗಿನ ಬ್ರಿಟಿಷ್ ವಿಮಾನಗಳಿಗೆಲ್ಲ ಒಂದೇ ಕ್ರಮ. ಮೇಲಿನ ಸಾಲಿನಲ್ಲಿ ಎಡದಿಂದ ವೇಗಮಾಪಕ, ಕೃತಕ ದಿಗಂತ, ಏರಿಳಿತದ ಮಾಪಕ. ಕೆಳಗಿನ ಸಾಲಿನಲ್ಲಿ ಎತ್ತರಮಾಪಕ, ದಿಕ್ಕಿನ ಗೈರೊ, ತಿರುವಿನ ಮಾಪಕ. ಈ ಆರೂ ಬೇರೆ ಹಲಗೆಯ ಮೇಲಿದ್ದು ಮುಖ್ಯ ಫಲಕದಿಂದ ತುಸು ಪ್ರತ್ಯೇಕವಾಗಿ ಕಾಣುತ್ತವೆ. ಬಲಬದಿಗೆ ಎಂಜಿನ್ನಿನ ಮಾಪಕಗಳು. ಎಡಬದಿಗೆ ಆಮ್ಲಜನಕದ ಮಾಪಕ, ರೆಕ್ಕೆಯ ಫ್ಲಾಪ್ ಇಳಿಸುವ ಸನ್ನೆ, ಕೆಳಮೂಲೆಯಲ್ಲಿ ಎಂಜಿನ್ನಿನ ಕಿಡಿಗೆ ಸಂಬಂಧಿಸಿದ ಮ್ಯಾಗ್ನೆಟೊ ಸ್ವಿಚ್‌ಗಳು. ಫಲಕದ ಕೆಳಗೆ, ಎರಡು ಕಾಲುಗಳ ನಡುವೆ ದೊಡ್ಡ ದಿಕ್ಸೂಚಿ. ಇದನ್ನು ಬಿಡಬೇಡಿ. ಬಾಗಿಲಿನಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಗಡಿಯಾರದ ನಿಜ ವ್ಯಾಸ ಸುಮಾರು 80 ಮಿ.ಮೀ., ಅಂದರೆ ನಮ್ಮಲ್ಲಿ 1.1. ಮುಖಗಳನ್ನು ಕಂಪ್ಯೂಟರಿನಲ್ಲಿ ಕಿರಿದು ಮಾಡಿ ಮುದ್ರಿಸುವ ಆಲೋಚನೆ ಎಲ್ಲರಿಗೂ ಬರುತ್ತದೆ. ಫೋಟೊ ಸ್ಟುಡಿಯೊದಲ್ಲಿ ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ ಒಂದು ಗಡಿಯಾರದ ಅಡ್ಡಕ್ಕೆ ಬರೀ 13 ಚುಕ್ಕಿ. ಅಂಕಿ, ಮುಳ್ಳು ಎಲ್ಲ ಕಲಸಿ ಬೂದಿ ಬಣ್ಣ. 1200 ಚುಕ್ಕಿಯ ಲೇಸರ್ ಪ್ರಿಂಟರ್ ಆದರೆ 52 ಚುಕ್ಕಿ ಸಿಗುತ್ತದೆ, ಗೆರೆಗಳು ನಿಲ್ಲುತ್ತವೆ. ಅಂಥ ಪ್ರಿಂಟರ್ ಇಲ್ಲದಿದ್ದರೆ ಕೈಯಿಂದಲೇ ಮಾಡುವುದು ಚೆಂದ. ಪಾರದರ್ಶಕ ಹಾಳೆಗೆ ಕಪ್ಪು ಆಕ್ರಿಲಿಕ್ ಹಚ್ಚಿ, ಒಣಗಿದ ಮೇಲೆ ಸೂಜಿಯಿಂದ ಮುಳ್ಳು ಮತ್ತು ನಾಲ್ಕೈದು ಗೀಟು ಗೀರಿ, ಅದರ ಹಿಂದೆ ಬಿಳಿ ಹಚ್ಚಿ. ಗೀರಿದಲ್ಲಿ ಬಿಳಿ ಕಾಣುತ್ತದೆ. ಹಾಳೆಯ ನಯವಾದ ಬದಿ ಮುಂದಿರುವುದರಿಂದ ಗಾಜೂ ಆಯಿತು.

ಇದರ ಮುಂದೆ 0.25ರ ಹಾಳೆಯಲ್ಲಿ 1.1ರ ರಂಧ್ರ ಕೊರೆದ ಫಲಕ. ಮೊದಲು ಸೂಜಿಯಿಂದ ಗುಂಡಿ ಮಾಡಿ, 0.5ರಿಂದ ಕೊರೆದು, ಆಮೇಲೆ 1.1ಕ್ಕೆ ಹಿಗ್ಗಿಸಿ. ನೇರ 1.1 ಇಟ್ಟರೆ ಕಡ್ಡಿ ಜಾರಿ ಸಾಲು ಸೊಟ್ಟಗಾಗುತ್ತದೆ, ಆರರಲ್ಲಿ ಒಂದು ಸೊಟ್ಟಗಾದರೂ ಎದ್ದು ಕಾಣುತ್ತದೆ. ಎರಡು ಪದರಗಳನ್ನೂ ಬೇರೆ ಬೇರೆ ಬಣ್ಣ ಮಾಡಿದ ಮೇಲೆ ಫೆವಿಕಾಲ್‌ನಲ್ಲಿ ಕೂಡಿಸಿ. ಸಿಮೆಂಟ್ ಬೇಡ, ಗೀರಿದ ಗೆರೆಗಳ ಮೇಲೆ ಹರಿದರೆ ಅಷ್ಟೂ ಕೆಲಸ ಹೋಯಿತು. ಫಲಕದ ಮೇಲಿನ ಗನ್‌ಸೈಟ್ (ಗುರಿ ಹಿಡಿಯುವ ಸಾಧನ) ಅನ್ನು ಈಗ ಅಂಟಿಸಬೇಡಿ, ಕೊನೆಗೆ ಇಡಿ.

ಬದಿಗಳು, ಹಿಡಿಕೆ

ಎಡಗೋಡೆಗೆ ಎಂಜಿನ್ನಿನ ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಪೆಟ್ಟಿಗೆ, ಅದರ ಮೇಲೆ ರೇಡಿಯೊದ ಗುಂಡಿಗಳ ಪೆಟ್ಟಿಗೆ, ಕೆಳಗೆ ಹಾರಾಟದ ಸಮತೋಲ ತಿದ್ದುವ ಟ್ರಿಮ್ ಚಕ್ರಗಳು ಎರಡು: ದೊಡ್ಡದು ಮೂತಿ ಏರಿಳಿಸುವ ಎಲಿವೇಟರ್‌ಗೆ, ಸಣ್ಣದು ರಡರ್‌ಗೆ. ಗುಲಾಬಿ ಸೂಜಿಯ ತುದಿಯನ್ನು ನೇರ ತೇಯ್ದು ಪಂಚಿನಂತೆ ಒತ್ತಿದರೆ ಸಣ್ಣ ಬಿಲ್ಲೆಗಳು ಬರುತ್ತವೆ. ದೊಡ್ಡ ಚಕ್ರಕ್ಕೆ 2 ಮಿ.ಮೀ. ಸ್ಪ್ರೂವಿನಿಂದ ಒಂದು ಹೋಳು. ಬಲಗೋಡೆಗೆ ಚಕ್ರ ಮಡಚುವ ಸನ್ನೆಯ ಪೆಟ್ಟಿಗೆ, ಅದು ಗಾತ್ರದಲ್ಲಿ ದೊಡ್ಡದು. ಜೊತೆಗೆ ತುರ್ತಿಗೆಂದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್. ಕೊಳವೆ, ವೈರುಗಳಿಗೆ ತಾಮ್ರದ ಎಳೆ. ಇವಕ್ಕೆ ಅಳತೆಯ ಚಿಂತೆ ಬೇಡ, ಜಾಗ ಸರಿಯಿದ್ದರೆ ಸಾಕು.

ಕಂಟ್ರೋಲ್ ಕಾಲಮ್ಮನ್ನು (ವಿಮಾನ ನಡೆಸುವ ಕೋಲು) ಮಾತ್ರ ಶ್ರದ್ಧೆಯಿಂದ ಮಾಡಿ. ಇಕ್ಕಟ್ಟಿನಲ್ಲಿ ತೊಡೆಗಳ ನಡುವೆ ಕೋಲನ್ನು ಎಡಬಲ ಆಡಿಸಲು ಜಾಗವಿಲ್ಲ ಎಂದು ಸ್ಪಿಟ್‌ಫೈರ್‌ನಲ್ಲಿ ಕೋಲಿನ ಮೇಲರ್ಧ ಮಾತ್ರ ಎಡಬಲಕ್ಕೆ ಬಾಗುತ್ತದೆ. ಅಲ್ಲೊಂದು ಕೀಲು. ಮೇಲೆ ಬಳೆಯಾಕಾರದ ಹಿಡಿಕೆ. ತಾಮ್ರದ ಎರಡು ಎಳೆ ಹೊಸೆದು 1.2ರ ಡ್ರಿಲ್ ಕಡ್ಡಿಗೆ ಒಂದು ಸುತ್ತು ಸುತ್ತಿ ಕತ್ತರಿಸಿದರೆ ಹಿಡಿಕೆ. ಕೋಲಿಗೆ ಕಂದು ಸೂಜಿಯ ಉಕ್ಕು. ಜೋಡಣೆಗೆ ಫೆವಿಕ್ವಿಕ್, ಗುಂಡುಸೂಜಿಯ ತುದಿಯಲ್ಲಿ ಹಿಡಿದಷ್ಟು. ತೇವದ ಗಾಳಿಯಲ್ಲಿ ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಸರಿಪಡಿಸಲು ಸಮಯ ಕೊಡುವುದಿಲ್ಲ. ಆದ್ದರಿಂದ ಹಿಡಿಕೆಯನ್ನು ಟೇಪಿನ ಮೇಲೆ ಮೊದಲೇ ಸರಿಯಾಗಿ ಮಲಗಿಸಿ ಆಮೇಲೆ ಅಂಟು ತಾಗಿಸಿ. ರಡರ್ ಪೆಡಲ್‌ಗಳು ಎರಡು ಅಂತಸ್ತಿನವು, ರಭಸದ ತಿರುವಿನಲ್ಲಿ ಪೈಲಟ್ ಕಾಲನ್ನು ಮೇಲಿನದಕ್ಕೆ ಏರಿಸುತ್ತಿದ್ದ. ಅಷ್ಟು ಕೆಳಗೆ ಕಣ್ಣು ಹೋಗದು, ಒರಟಾಗಿ ಮಾಡಿದರೂ ನಡೆಯುತ್ತದೆ.

ಬಣ್ಣ ಮತ್ತು ಮಳೆ

ಒಳಬಣ್ಣ ಬ್ರಿಟಿಷರ ಬೂದುಹಸಿರು, ಹಂಬ್ರಾಲ್‌ನಲ್ಲಿ 78ನೇ ನಂಬರು. ಕ್ಯಾಮೆಲ್ ಆಕ್ರಿಲಿಕ್‌ನಲ್ಲಿ ಕಲಸುವುದಾದರೆ ಬಿಳಿಗೆ ಸ್ಯಾಪ್ ಗ್ರೀನ್ ಬೆರೆಸುತ್ತ, ಕಪ್ಪು ಮತ್ತು ಯೆಲ್ಲೊ ಓಕರ್ ಚೂರು ಚೂರೇ ಹಾಕಿ ಹಸಿರಿನ ಹಸಿತನ ಕೊಲ್ಲಿ. ಡಬ್ಬಿಯ ಬಣ್ಣವಾದರೂ ಸ್ವಲ್ಪ ಬಿಳಿ ಸೇರಿಸಿ, ಕತ್ತಲ ಗುಂಡಿಯೊಳಗೆ ಬಣ್ಣ ಒಂದು ಪಟ್ಟು ಗಾಢವಾಗಿ ಕಾಣುತ್ತದೆ. ಸೀಟಿನ ಚೌಕಟ್ಟಿನ ಹಿಂದೆ ಹಸಿರಲ್ಲ, ಅಲ್ಯೂಮಿನಿಯಂ ಬಣ್ಣ. ಮೊದಲು ಒಳಗೆಲ್ಲ ಕಪ್ಪು ಹಚ್ಚಿ, ಅದರ ಮೇಲೆ ಹಸಿರನ್ನು ಮೇಲಿನಿಂದ ಕೆಳಕ್ಕೆ ತೆಳುವಾಗುತ್ತ ಬನ್ನಿ. ಬುಡದಲ್ಲಿ ಕಪ್ಪು ಉಳಿಯಲಿ. ಆಮೇಲೆ ಎಣ್ಣೆಬಣ್ಣದ ಕಂದುಕಪ್ಪನ್ನು ಟರ್ಪೆಂಟೈನ್‌ನಲ್ಲಿ ನೀರಾಗಿಸಿ ಪಕ್ಕೆಲುಬುಗಳ ಬುಡಕ್ಕೆ ಬಿಡಿ. ಒಣಗಿದ ಮೇಲೆ ತಿಳಿ ಹಸಿರನ್ನು ಒಣ ಕುಂಚದಲ್ಲಿ ಅಂಚುಗಳಿಗೆ ಸವರಿ. ಫಲಕ, ಪೆಟ್ಟಿಗೆಗಳಿಗೆ ಅಚ್ಚ ಕಪ್ಪು ಬೇಡ, ಕಡು ಬೂದಿ ಹಚ್ಚಿ. ಪೂರ್ತಿ ಕಪ್ಪಾದರೆ ಆಕಾರವೇ ಕಾಣದು. ಬಾಗಿಲಿನ ಅಂಚು ಸವೆದಂತೆ ಮಾಡಲು 2ಬಿ ಪೆನ್ಸಿಲ್ ಉಜ್ಜಿದರೆ ಸಾಕು.

ಮಳೆಗಾಲದ ಪ್ರಶ್ನೆ. ಕತ್ತರಿಸುವುದು, ಕೆರೆಯುವುದು, ಅಂಟಿಸುವುದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಧಾರಾಳ ಮಾಡಿ. ನಿಮ್ಮ ಕಡೆ ಹೊರಗೆ ಕಾಲಿಡಲಾಗದ ದಿನಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಲ್ಯಾಕರ್ ಸ್ಪ್ರೇ ಡಬ್ಬಿ ಮಾತ್ರ ಮುಟ್ಟಬೇಡಿ. ದ್ರಾವಕ ಬೇಗ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂತು, ಬಣ್ಣ ಬಿಳುಚಿಕೊಳ್ಳುತ್ತದೆ. ಕುಂಚದ ಆಕ್ರಿಲಿಕ್‌ಗೆ ಆ ತೊಂದರೆಯಿಲ್ಲ, ಒಣಗುವುದು ನಿಧಾನ, ಅಷ್ಟೇ. ಬೇಗ ಒಣಗಲೆಂದು ಒಲೆಯ ಪಕ್ಕ, ಕಾಫಿ ಒಣಗಿಸುವ ಯಂತ್ರದ ಹತ್ತಿರ ಇಡಬೇಡಿ. ಕೆರೆದು ತೆಳುವಾದ ಗೋಡೆ ಬಿಸಿಗೆ ಸೊಟ್ಟಗಾದರೆ ಮತ್ತೆ ನೆಟ್ಟಗಾಗದು. ಬಿಗಿ ಮುಚ್ಚಳದ ಡಬ್ಬಿಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ, ಡ್ರಿಲ್ ಕಡ್ಡಿ, ಸೂಜಿ, ಅದಕ್ಕಿಂತ ಮುಖ್ಯವಾಗಿ ಕಿಟ್‌ನ ಹಳೆಯ ಡೆಕಾಲ್ (ವಿಮಾನದ ಮೈಗೆ ಅಂಟಿಸುವ ಗುರುತುಗಳ) ಹಾಳೆ ಎಲ್ಲವನ್ನೂ ಅದರಲ್ಲಿಡಿ. ತೇವಕ್ಕೆ ಡೆಕಾಲ್ ಮೇಲೆ ಬೂಷ್ಟು ಬಂದರೆ ಉಳಿಸಲಾಗದು.

ಭಾರತೀಯ ಗುರುತು

1947ರ ನವೆಂಬರ್‌ನಲ್ಲಿ ಕಾಶ್ಮೀರ ಕಣಿವೆಯ ಮೇಲೆ ನಮ್ಮ ವಾಯುಪಡೆಯ ಸ್ಪಿಟ್‌ಫೈರ್‌ಗಳು ಹಾರಿದ್ದು ನಿಜ. ಜನರಲ್ ತಿಮ್ಮಯ್ಯನವರ ಟ್ಯಾಂಕುಗಳು ಲಡಾಖ್ ದಾರಿಯ ಜೋಜಿಲಾ ಕಣಿವೆ ಹತ್ತಿದ್ದು ಮರುವರ್ಷದ ನವೆಂಬರ್‌ನಲ್ಲಿ. ಆದರೆ ನಮ್ಮಲ್ಲಿ ಹೆಚ್ಚಾಗಿದ್ದವು ಮಾರ್ಕ್ 8, 14, 18. ಇವುಗಳಲ್ಲಿ 14 ಮತ್ತು 18ಕ್ಕೆ ಗ್ರಿಫನ್ ಎಂಜಿನ್, ಉದ್ದನೆಯ ಮೂತಿ, ಐದು ಎಲೆಯ ಪ್ರೊಪೆಲ್ಲರ್. ನಿಮ್ಮ ಮಾರ್ಕ್ 9ಕ್ಕೆ ಮರ್ಲಿನ್ ಎಂಜಿನ್, ನಾಲ್ಕು ಎಲೆ. ಬರೀ ಗುರುತು ಬದಲಿಸಿದರೆ 14 ಆಗುವುದಿಲ್ಲ. ಮಾರ್ಕ್ 8 ಮಾತ್ರ ಹೊರನೋಟಕ್ಕೆ 9ರ ಹತ್ತಿರದ ನೆಂಟ: ಬಾಲದ ಚಕ್ರ ಒಳಗೆ ಮಡಚುತ್ತದೆ, ಬಾಲದ ತುದಿ ಚೂಪು. ಅಷ್ಟು ತಿದ್ದಲು ಸಿದ್ಧರಿದ್ದರೆ ಆ ದಾರಿ ಹಿಡಿಯಿರಿ. ನಿಜ ಸ್ಪಿಟ್‌ಫೈರ್ ಕಣ್ಣಾರೆ ನೋಡಬೇಕಾದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ.

ಕ್ಯಾನಪಿ

ಕಿಟ್‌ನ ಕ್ಯಾನಪಿಯನ್ನು ತೆರೆದಂತೆ ಹಿಂದಕ್ಕೆ ಸರಿಸಿ ಇಟ್ಟರೆ ಅದು ಬೆನ್ನಿನ ಮೇಲೆ ಕೂರದೆ ಟೋಪಿಯಂತೆ ಎತ್ತರ ನಿಲ್ಲುತ್ತದೆ. ಕಾರಣ ಮತ್ತೆ ದಪ್ಪವೇ. ಜಾರುವ ಭಾಗವನ್ನು ಹೊಸದಾಗಿ ಎಳೆದುಕೊಳ್ಳಬೇಕು.

ಒಂದೇ ತುಂಡಿನ ಕ್ಯಾನಪಿಯಾದರೆ ಒಳಗೆ ಮಕ್ಕಳ ಮಣ್ಣನ್ನು ಗಟ್ಟಿ ತುಂಬಿ, ತೆಳು ಗರಗಸದಿಂದ ಒತ್ತಡವಿಲ್ಲದೆ ಮುಂದಿನ ಗಾಜನ್ನು ಬೇರ್ಪಡಿಸಿ. ಗಾಜು ಕಿಟ್‌ನದೇ ಇರಲಿ. ಜಾರುವ ಭಾಗದ ಮಣ್ಣು ತೆಗೆದು ಎಂ-ಸೀಲ್ ತುಂಬಿ ಒಂದು ದಪ್ಪ ಕಡ್ಡಿ ನಿಲ್ಲಿಸಿ, ಒಂದು ದಿನ ಬಿಡಿ. ಇದು ಅಚ್ಚು. ಎಂ-ಸೀಲನ್ನು ಹೊರತೆಗೆದು ಅದನ್ನೇ ಅಚ್ಚು ಮಾಡಬೇಡಿ, ಆಗ ಹೊಸ ಕ್ಯಾನಪಿ ಕಿರಿದಾಗಿ ಬೆನ್ನಿನ ಮೇಲೆ ಹಾಯದು. ಕಿಟ್ ಭಾಗದ ಹೊರಮೈ ಮೇಲೆಯೇ ಎಳೆಯಬೇಕು. ಕೇಕ್ ಡಬ್ಬಿಯ 0.2–0.25 ಮಿ.ಮೀ. ಹಾಳೆಯನ್ನು ನಡುವೆ ತೂತು ಕತ್ತರಿಸಿದ ಎರಡು ದಪ್ಪ ರಟ್ಟುಗಳ ಮಧ್ಯೆ ಕ್ಲಿಪ್ ಹಾಕಿ ಬಿಗಿದು, ಗ್ಯಾಸ್ ಒಲೆಯ ಸಣ್ಣ ಉರಿಯಿಂದ ಒಂದು ಗೇಣು ಮೇಲೆ ಆಡಿಸಿ. ಹಾಳೆ ಮೊದಲು ಸುಕ್ಕಾಗಿ, ಮತ್ತೆ ಬಿಗಿದು, ಆಮೇಲೆ ನಡುವೆ ಇಳಿಬೀಳುತ್ತದೆ. ಆಗ ತಡಮಾಡದೆ ಅಚ್ಚಿನ ಮೇಲೆ ನೇರ ಕೆಳಕ್ಕೆ ಒತ್ತಿ. ಹಾಳೆ ಹಾಲಿನಂತೆ ಬಿಳಿಯಾದರೆ ಕಾವು ಹೆಚ್ಚಾಯಿತು, ಆ ತುಂಡು ಎಸೆಯಿರಿ. ಮೂಲೆಯಲ್ಲಿ ನೆರಿಗೆ ಬಂದರೆ ಕಾವು ಕಡಿಮೆ. ಕಿಟಕಿ ತೆರೆದಿಟ್ಟು ಮಾಡಿ, ಮಕ್ಕಳು ಹತ್ತಿರ ಬೇಡ. ಬಂದದ್ದರಲ್ಲಿ ಒಳ್ಳೆಯದೊಂದನ್ನು ಆರಿಸಿ ಹೊಸ ಬ್ಲೇಡಿನಿಂದ ಅಚ್ಚಿನ ಮೇಲಿರುವಾಗಲೇ ಕತ್ತರಿಸಿ.

ಪೈಲಟ್ ಗೊಂಬೆಯನ್ನು ಕೂರಿಸಬೇಡಿ. ಕೂರಿಸಿದರೆ ಸೀಟು, ಬೆಲ್ಟು, ದಿಕ್ಸೂಚಿ ಎಲ್ಲ ಅವನ ಹಿಂದೆ ಮುಚ್ಚಿಹೋಗುತ್ತವೆ.

ಹೋಳುಗಳನ್ನು ಅಂಟಿಸುವ ಮೊದಲು ಬಣ್ಣವಾದ ಕಾಕ್‌ಪಿಟ್ಟಿನೊಂದಿಗೆ ಟೇಪು ಸುತ್ತಿ ನೋಡಿ. ಬೆನ್ನಿನ ಗೆರೆಯಲ್ಲಿ ಕೂದಲಷ್ಟು ಸಂದಿ ಉಳಿದರೂ ಒತ್ತಿ ಅಂಟಿಸಬೇಡಿ, ಚೌಕಟ್ಟಿನ ಅಥವಾ ಫಲಕದ ಬದಿಯನ್ನು ತೇಯಿರಿ. ಒತ್ತಿ ಅಂಟಿಸಿದ್ದು ಮುಂದೊಂದು ಬೇಸಿಗೆಯಲ್ಲಿ ಬಿರಿಯುತ್ತದೆ. ಹೊರಗಿನ ಬಣ್ಣ, ಡೆಕಾಲ್ ಎಲ್ಲ ಮುಗಿಯುವವರೆಗೆ ಕಾಕ್‌ಪಿಟ್ ಬಾಯಿಗೆ ಒದ್ದೆ ಟಿಶ್ಯೂ ತುಂಬಿರಿ. ಕೊನೆಗೆ ಗನ್‌ಸೈಟ್: ಸ್ಪ್ರೂವಿನ ಕಪ್ಪು ತುಂಡಿಗೆ 1 ಮಿ.ಮೀ. ಪಾರದರ್ಶಕ ಬಿಲ್ಲೆಯನ್ನು ಓರೆಯಾಗಿ ಅಂಟಿಸಿ. ಆಮೇಲೆ ಮುಂದಿನ ಗಾಜು, ಬಾಗಿಲು, ಕ್ಯಾನಪಿ. ಈ ಮೂರಕ್ಕೂ ಫೆವಿಕಾಲ್ ಮಾತ್ರ. ಫೆವಿಕ್ವಿಕ್‌ನ ಆವಿ ಗಾಜಿನ ಒಳಮೈಗೆ ಬಿಳಿ ಮಂಜು ಕಟ್ಟಿಸುತ್ತದೆ, ಅಂಟಿಸಿದ ಮೇಲೆ ಒರೆಸಲು ಕೈ ಹೋಗುವುದಿಲ್ಲ.